512 ರೇಷ್ಮೆ ಹಾಸಿಗೆ

ಬೆಳಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಕ್ಕ ಹೋಟೆಲಿನ ಹಾಸಿಗೆಯನ್ನು ತಾನೇ ಸರಿಮಾಡಿ ಮುಗಿಸಿದ್ದಳು. ಹೊದಿಕೆ ನಾಲ್ಕು ಮಡಿಕೆಯಾಗಿ ಕಾಲ್ದೆಸೆಯಲ್ಲಿ ಕುಳಿತಿತ್ತು. ಎಂಟು ದಿಂಬುಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ. ಮೂವತ್ತಾರು ವರ್ಷ ಶಿರಸಿ ಕಡೆಯ ಹೈಸ್ಕೂಲುಗಳಲ್ಲಿ ಇತಿಹಾಸ ಕಲಿಸಿದವಳು ಅಕ್ಕ; ದಿಂಬು ಕಂಡರೂ ಸಾಲು ಮಾಡಿಸುತ್ತಾಳೆ.

"ಅಕ್ಕಾ, ಇಲ್ಲಿ ಅದಕ್ಕೆಂದೇ ಜನ ಇದ್ದಾರೆ" ಎಂದೆ.

"ಇರಲಿ ತಂಗಿ. ನಾನು ಮಲಗಿ ಎದ್ದ ಹಾಸಿಗೆಯನ್ನು ಪರರ ಕೈಯಲ್ಲಿ ಎತ್ತಿಸುವಷ್ಟು ನನಗೇನೂ ಆಗಿಲ್ಲ."

ಅದು 2025ರ ಜನವರಿ, ಕಾಂಬೋಡಿಯಾದ ಸಿಯೆಮ್ ರೀಪ್ ಊರಿನಲ್ಲಿ ನಮ್ಮ ಮೊದಲ ಬೆಳಗು. ಅಕ್ಕನಿಗೆ ಅರವತ್ತು ತುಂಬಿ ನಿವೃತ್ತಿಯಾದ ಸಂತೋಷಕ್ಕೆ ಸಿಂಗಾಪುರದಲ್ಲಿರುವ ಅವಳ ಮಗ ಮಾಡಿಸಿಕೊಟ್ಟ ಪ್ರವಾಸ. ಅಮ್ಮನಿಗೆ ಎಲ್ಲಿಯೂ ತೊಂದರೆಯಾಗಬಾರದು ಎಂಬುದೊಂದೇ ಅವನ ಷರತ್ತು. ಅದಕ್ಕೆ ಅವನು ತೆತ್ತ ಬೆಲೆಯನ್ನು ನಾನು ಕದ್ದು ನೋಡಿದೆ. ಒಂದು ರಾತ್ರಿಯ ಬಾಡಿಗೆಯಲ್ಲಿ ನಮ್ಮ ಅಪ್ಪ ಆ ಕಾಲದಲ್ಲಿ ತೋಟಕ್ಕೆ ಪಂಪ್‌ಸೆಟ್ಟು ಹಾಕಿಸಿ, ಮಿಕ್ಕಿದ್ದರಲ್ಲಿ ಕೊಟ್ಟಿಗೆಗೆ ಹಂಚನ್ನೂ ಹೊದಿಸಬಹುದಿತ್ತು. ನಾನು ಬೆಂಗಳೂರಿನಲ್ಲಿ ಲೆಕ್ಕಪರಿಶೋಧನೆ ಮಾಡಿಕೊಂಡಿರುವವಳು. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ನಡುವೆ ಯಾರ ಕೈ ಹಾಯಿತು ಎಂದು ಕೇಳುವುದು ನನ್ನ ಹೊಟ್ಟೆಪಾಡು. ರಜೆಯಲ್ಲಿಯೂ ಆ ಚಟ ಬಿಡುವುದಿಲ್ಲ.

ಐಷಾರಾಮಿ ಹೋಟೆಲಿನಲ್ಲಿ ಎರಡು ದಿನ ಕಳೆದರೆ ಒಂದು ಸಂಗತಿ ಗೊತ್ತಾಗುತ್ತದೆ. ಅಲ್ಲಿ ಕೆಲಸ ನಡೆಯುವುದು ಕಾಣುವುದಿಲ್ಲ, ನಡೆದು ಮುಗಿದದ್ದು ಮಾತ್ರ ಕಾಣುತ್ತದೆ. ಬಾಗಿಲಲ್ಲಿ ಹೇಗೆಂದರೆ ಹಾಗೆ ಬಿಟ್ಟ ಚಪ್ಪಲಿ ಸಂಜೆ ಬರುವಾಗ ಹೊರಮುಖವಾಗಿ ತಿರುಗಿ ಜೋಡಿಯಾಗಿರುತ್ತದೆ. ಅರ್ಧ ಓದಿ ಮಗುಚಿಟ್ಟ ಪುಸ್ತಕದೊಳಗೆ ರೇಷ್ಮೆಯ ಗುರುತುಪಟ್ಟಿ ಬಂದಿರುತ್ತದೆ. ಬಿಸಿಲಿನಿಂದ ಬಂದು ಇಳಿದರೆ ಮಜ್ಜಿಗೆಹುಲ್ಲಿನ ವಾಸನೆಯ ತಣ್ಣನೆಯ ಟವೆಲು ತಟ್ಟೆಯಲ್ಲಿ ಸಿದ್ಧವಿರುತ್ತದೆ. ನೀವು ಬರುವ ನಿಮಿಷ ಇವರಿಗೆ ಹೇಗೆ ತಿಳಿಯಿತು ಎಂದರೆ, ಕಾರಿನ ಚಾಲಕ ಎರಡು ತಿರುವು ಹಿಂದೆ ಫೋನು ಮಾಡಿರುತ್ತಾನೆ. ಅದನ್ನೂ ನೀವು ಗಮನಿಸಿರುವುದಿಲ್ಲ. ಯಾರ ಬೆವರೂ ಕಣ್ಣಿಗೆ ಬೀಳಬಾರದು ಎನ್ನುವುದಕ್ಕೇ ಹೆಚ್ಚಿನ ದುಡ್ಡು.

ಅಕ್ಕನಿಗೆ ಇದು ಆಗಿಬರಲಿಲ್ಲ. ಟವೆಲು ಕೊಟ್ಟ ಹುಡುಗಿಗೆ "ಊಟ ಆಯಿತೇನಮ್ಮಾ?" ಎಂದು ಕನ್ನಡದಲ್ಲಿಯೇ ಕೇಳಿದಳು. ಹುಡುಗಿ ಕೈಮುಗಿದು ನಕ್ಕಳು. ನಮ್ಮ ಗೈಡ್, ಐವತ್ತೈದರ ಆಸುಪಾಸಿನ ಮನುಷ್ಯ, ಅರ್ಥ ಕೇಳಿ ತಿಳಿದುಕೊಂಡು, "ನಮ್ಮಲ್ಲೂ ಹಾಗೆಯೇ ಕೇಳುತ್ತೇವೆ. 'ಅನ್ನ ಉಂಡಾಯಿತೇ' ಎಂಬುದೇ ನಮ್ಮ ಕುಶಲ" ಎಂದ. ಅಂದಿನಿಂದ ಅವನು ಅಕ್ಕನನ್ನು 'ಬೊಂಗ್' ಎಂದು ಕರೆಯತೊಡಗಿದ. ಖ್ಮೇರ್ ಭಾಷೆಯಲ್ಲಿ ಬೊಂಗ್ ಎಂದರೆ ಅಣ್ಣನೂ ಹೌದು, ಅಕ್ಕನೂ ಹೌದು. ಮೊದಲು ಹುಟ್ಟಿದವರು, ಅಷ್ಟೇ. ನನ್ನನ್ನು ಮಾತ್ರ ಕೊನೆಯವರೆಗೂ 'ಮೇಡಮ್' ಎಂದ. ಬಿಲ್ಲುಗಳನ್ನು ಎರಡೆರಡು ಸಲ ಓದುವವರಿಗೆ ಸಂಬಂಧವಾಚಕ ಸಿಗುವುದಿಲ್ಲ.

ಅಂಗ್ಕೋರ್ ವಾಟ್‌ಗೆ ಹೋಟೆಲಿನವರು ನಮ್ಮನ್ನು ಕತ್ತಲಿರುವಾಗಲೇ ಹೊರಡಿಸಿದರು, ಅದೂ ಪೂರ್ವದ ಹಿಂಬಾಗಿಲಿನಿಂದ. ಈ ದೇವಸ್ಥಾನ ಪಶ್ಚಿಮಕ್ಕೆ ಮುಖಮಾಡಿದೆ. ಹಾಗಾಗಿ ಜನವೆಲ್ಲ ಪಶ್ಚಿಮದ ಕೊಳದ ದಂಡೆಯಲ್ಲಿ ಫೋನು ಎತ್ತಿ ನಿಂತು, ಗೋಪುರದ ಬೆನ್ನಿನಿಂದ ಸೂರ್ಯ ಏಳುವುದನ್ನು ಕಾಯುತ್ತಾರೆ. ಪೂರ್ವದ ದಾರಿಯಲ್ಲಿ ಕಾಡು, ಟಾರ್ಚಿನ ಬೆಳಕು, ಒಂದೆರಡು ಹಕ್ಕಿ. 'ಗುಂಪಿಲ್ಲದ ಅಂಗ್ಕೋರ್' ಎಂಬುದು ಹೋಟೆಲಿನ ಕರಪತ್ರದ ಮಾತು. ಆದರೆ ನಾವು ಒಬ್ಬಂಟಿಗರಾಗಿರಲಿಲ್ಲ. ಬೆಳಕು ಮಸುಕಾಗಿ ಹರಿಯುವಷ್ಟರಲ್ಲಿ ಉದ್ದ ಕೈಯ ಅಂಗಿ, ಟೊಪ್ಪಿ, ಚೌಕುಳಿಯ ಕ್ರಾಮಾ ವಸ್ತ್ರವನ್ನು ಮುಖಕ್ಕೆ ಸುತ್ತಿಕೊಂಡ ಹೆಂಗಸರು ಕಾಣಿಸಿದರು. ಪೊರಕೆಯಿಂದ ಒಣಗಿದ ಎಲೆ ಗುಡಿಸುತ್ತಿದ್ದರು. ಕಲ್ಲಿನ ಮೇಲೆ ಪೊರಕೆಯ ಸದ್ದು ಒಂದೇ ಲಯದಲ್ಲಿ ಕೇಳುತ್ತಿತ್ತು, ನಸುಕಿನಲ್ಲಿ ಮನೆಯ ಅಂಗಳ ಗುಡಿಸಿದಂತೆ. ಗೋಪುರದ ಸಂದಿಗಳಲ್ಲಿ ಬೇರಿಳಿಸುವ ಸಸಿಗಳನ್ನು ಕೀಳಲು ಹಗ್ಗ ಹಿಡಿದು ತುದಿಯವರೆಗೆ ಹತ್ತುವ ತಂಡವೇ ಇದೆ ಎಂದು ಗೈಡ್ ಹೇಳಿದ. ಕೀಳದೆ ಬಿಟ್ಟರೆ ಎಂಟು ನೂರು ವರ್ಷದ ಕಲ್ಲನ್ನು ಸೀಳಲು ಬೀಜಕ್ಕೆ ಕೆಲವೇ ಮಳೆಗಾಲ ಸಾಕು.

ಪೂರ್ವದಿಂದ ಬಂದವರಿಗೆ ಮೊದಲು ಎದುರಾಗುವುದು ಸಮುದ್ರಮಥನ. ಸುಮಾರು 49 ಮೀಟರ್ ಉದ್ದದ ಒಂದೇ ಉಬ್ಬುಶಿಲ್ಪ. ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು, ಕೈಯಲ್ಲಿ ವಾಸುಕಿ, ನಡುವೆ ಆಮೆಯ ಮೇಲೆ ನಿಂತ ಬೆಟ್ಟ, ವಿಷ್ಣು. ಕೆಳಗೆ ಕಡಲಿನಲ್ಲಿ ಮೀನು, ಮೊಸಳೆ. ಅಕ್ಕ ಬಗ್ಗಿ ನೋಡಿದ್ದು ಆ ಮೀನುಗಳನ್ನು. ದೂರದಲ್ಲಿರುವವು ಇಡಿಯಾಗಿವೆ. ಕಡೆಗೋಲಿನ ಹತ್ತಿರ ಬಂದಹಾಗೆ ಅವುಗಳ ಮೈ ತುಂಡಾಗುತ್ತದೆ: ಒಂದರ ಬಾಲವಿಲ್ಲ, ಇನ್ನೊಂದು ನಡುವಿಗೇ ಕತ್ತರಿಸಿದೆ. ಕಡೆಯುವ ರಭಸಕ್ಕೆ ಚೂರಾದ ಮೀನು. ಅಮೃತದ ಕಥೆಯನ್ನು ಅಕ್ಕ ಎಷ್ಟು ತರಗತಿಗಳಲ್ಲಿ ಹೇಳಿದ್ದಳೋ, ಮೀನಿಗೆ ಏನಾಯಿತು ಎಂದು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲವಂತೆ. "ಈ ಶಿಲ್ಪಿ ಕೇಳಿದ್ದಾನೆ ನೋಡು" ಎಂದಳು.

ಆ ಶಿಲ್ಪಿ ಯಾರೋ ತಿಳಿಯದು. ಅಕ್ಕನಿಗೆ ಅದೇ ಕೊರಗು. ಎರಡನೆಯ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ, ವಿಷ್ಣುವಿಗೆಂದು ಅಂಗ್ಕೋರ್ ವಾಟ್ ಕಟ್ಟಿಸಿದ. ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಕಡಲಿನ ಆಚೆ ಈಚೆ ಒಂದೇ ಕಾಲಕ್ಕೆ ಉಳಿಯ ಸದ್ದು, ಒಂದೇ ದೇವರಿಗೆ. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು, ಊರು, ಬಿರುದುಗಳನ್ನು ಧಾರಾಳವಾಗಿ ಕೆತ್ತಿಕೊಂಡಿದ್ದಾರೆ. ಅಂಗ್ಕೋರ್‌ನ ಗೋಡೆಗಳಲ್ಲಿ ಶಿಲ್ಪಿಯ ರುಜು ಇಲ್ಲ. "ಇಷ್ಟು ದೊಡ್ಡ ಕೆಲಸ ಮಾಡಿ ಹೆಸರು ಬರೆಯದೆ ಹೇಗೆ ಹೋದರಪ್ಪಾ" ಎಂದು ಅಕ್ಕ ಗೋಡೆಯುದ್ದಕ್ಕೂ ಪೀಠದ ಅಂಚು ನೋಡುತ್ತ ನಡೆದಳು. ಬರೆಯಲು ಮನಸ್ಸಿರಲಿಲ್ಲವೋ, ಬಿಡಲಿಲ್ಲವೋ.

ಹೊರಡುವಾಗ ಪಶ್ಚಿಮದ ಬಾಗಿಲಲ್ಲಿ ಎಂಟು ತೋಳಿನ ಎತ್ತರದ ವಿಷ್ಣು. ಕಾವಿ ಬಟ್ಟೆ ಹೊದಿಸಿದ್ದರು, ಕಾಲಬಳಿ ಊದುಬತ್ತಿ, ಹಣ್ಣು. ಊರಿನ ಬೌದ್ಧರಿಗೆ ಇವನು ತಾ ರೀಚ್, ಕಾಯುವ ಅಜ್ಜ. ಗೈಡ್ ಅವನಿಗೆ ಮೂರು ಊದುಬತ್ತಿ ಹಚ್ಚಿ ನಮಸ್ಕರಿಸಿದ, ಅಕ್ಕ ಅವನ ಪಕ್ಕ ನಿಂತು 'ಶಾಂತಾಕಾರಂ' ಹೇಳಿದಳು. ದೇವರ ಕಡೆಯಿಂದ ಆಕ್ಷೇಪಣೆ ಬರಲಿಲ್ಲ.

ನನಗೆ ತಲೆ ಕೆಡಿಸಿದ್ದು ತಾ ಪ್ರೋಮ್. ಮರದ ಬೇರುಗಳು ಗೋಡೆಯನ್ನು ಹೆಬ್ಬಾವಿನಂತೆ ಅಪ್ಪಿಕೊಂಡಿರುವ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ಆ ಬೇರುಗಳ ಎದುರು ಫೋಟೊಗೆ ಸರದಿ ನಿಲ್ಲಬೇಕು, ಪಡಿತರದ ಸಾಲಿನ ಹಾಗೆ. ನಮ್ಮ ಪುರಾತತ್ವ ಇಲಾಖೆ, ಅಂಗ್ಕೋರ್ ನೋಡಿಕೊಳ್ಳುವ ಕಾಂಬೋಡಿಯಾದ ಅಪ್ಸರಾ ಪ್ರಾಧಿಕಾರದೊಡನೆ ಇಲ್ಲಿ ಎರಡು ದಶಕಗಳಿಂದ ಜೀರ್ಣೋದ್ಧಾರ ಮಾಡುತ್ತಿದೆ. ಅದಕ್ಕೂ ಮೊದಲು, ಯುದ್ಧವಿನ್ನೂ ಮುಗಿಯದ 1986ರಿಂದ 1993ರವರೆಗೆ, ಭಾರತದವರು ಅಂಗ್ಕೋರ್ ವಾಟ್‌ನಲ್ಲಿ ದುಡಿದಿದ್ದರು. ಕಲ್ಲನ್ನು ರಾಸಾಯನಿಕದಿಂದ ತೊಳೆದದ್ದಕ್ಕೆ ಬೈಸಿಕೊಂಡದ್ದೂ ಉಂಟು. ಆದರೆ ಬೇರೆ ಯಾರೂ ಬರಲು ಸಿದ್ಧರಿಲ್ಲದ ಹೊತ್ತಿನಲ್ಲಿ ಬಂದಿದ್ದರು ಎಂದು ಗೈಡ್ ಅದನ್ನು ಉಪಕಾರದ ಪಟ್ಟಿಗೇ ಸೇರಿಸಿದ.

ಏಳನೆಯ ಜಯವರ್ಮ ತನ್ನ ತಾಯಿಯ ಹೆಸರಿನಲ್ಲಿ 1186ರಲ್ಲಿ ಪ್ರತಿಷ್ಠೆ ಮಾಡಿಸಿದ ವಿಹಾರವಿದು. ಮೂಲ ಹೆಸರು ರಾಜವಿಹಾರ. ಅದರ ಸಂಸ್ಕೃತ ಶಾಸನದ ಸಾರಾಂಶವನ್ನು ಅಕ್ಕ ನೋಟುಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದಳು. ಒಂದು ಉರುಳಿದ ಕಲ್ಲಿನ ಮೇಲೆ ಕುಳಿತು, ಕನ್ನಡಕ ಏರಿಸಿ, ಹಾಜರಿ ಕರೆಯುವ ದನಿಯಲ್ಲಿ ಓದಿದಳು. ಐನೂರು ಕಿಲೋಗಿಂತ ಹೆಚ್ಚು ತೂಕದ ಚಿನ್ನದ ಪಾತ್ರೆಗಳು. ವಜ್ರ 35. ಮುತ್ತು 40,620. ರತ್ನಗಳು 4,540. ಚೀನಾದ ತೆಳುವಸ್ತ್ರ 876. ಛತ್ರಿ 523. ರೇಷ್ಮೆ ಹಾಸಿಗೆ 512.

"ಐನೂರ ಹನ್ನೆರಡು ಹಾಸಿಗೆ! ಇದೂ ಹೋಟೆಲೇ ಆಯಿತಲ್ಲ" ಎಂದೆ.

"ಮುಂದೆ ಕೇಳು." ಪೂಜಾಧಿಕಾರಿಗಳು 18. ಅಧಿಕಾರಿಗಳು 2,740. ಸಹಾಯಕರು 2,202. ನರ್ತಕಿಯರು 615. ಒಳಗೆ ವಾಸಿಸುವ ಹಕ್ಕಿದ್ದವರು ಒಟ್ಟು 12,640. ಈ ವಿಹಾರದ ಸೇವೆಗೆ ಬಿಟ್ಟ ಹಳ್ಳಿಗಳು 3,140. ಅವುಗಳಲ್ಲಿ ದುಡಿಯುವವರು 79,365.

ನಾನು ಸುಮ್ಮನಾದೆ. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟೋ ಕಂಪನಿಗಳ ಆಸ್ತಿಪಟ್ಟಿ ನೋಡಿದ್ದೇನೆ. ಇಷ್ಟು ನಿಸ್ಸಂಕೋಚದ ಪಟ್ಟಿಯನ್ನು ನೋಡಿರಲಿಲ್ಲ. ದೇವರಿಗೆ ರೇಷ್ಮೆ ಹಾಸಿಗೆ ಬೇಕೆಂದರೆ ಎಷ್ಟು ಜನರ ಬೆನ್ನು ಬೇಕು ಎಂಬುದನ್ನು ರಾಜ ಮರೆಮಾಚಲಿಲ್ಲ, ಹೆಮ್ಮೆಯಿಂದಲೇ ಕಲ್ಲಿಗೆ ಹಾಕಿಸಿದ. 79,365. ಆ ಕೊನೆಯ ಐದರಲ್ಲಿ ಯಾರ ಯಾರ ಮನೆಯವರಿದ್ದರೋ. ಅವರ ಹೆಸರಿಲ್ಲ, ಒಪ್ಪಿಗೆಯನ್ನು ಕೇಳಿದ್ದರ ದಾಖಲೆಯಂತೂ ಇಲ್ಲ, ಇದನ್ನು ಧರ್ಮ ಎಂದು ಪೂರಾ ಒಪ್ಪಲು ನನಗೆ ಆಗುವುದಿಲ್ಲ. ಆದರೆ ಲೆಕ್ಕವಾದರೂ ಇದೆ. ನಮ್ಮ ಹೋಟೆಲಿನ ಬಿಲ್ಲಿನಲ್ಲಿ ಅವರೆಲ್ಲರೂ 'ಸೇವಾ ಶುಲ್ಕ' ಎಂಬ ಒಂದೇ ಸಾಲಿನಲ್ಲಿ ಅಡಗಿ ಕುಳಿತಿದ್ದರು.

ಅದೇ ಶಾಸನದಲ್ಲಿ ರಾಜ್ಯದ 102 ಆಸ್ಪತ್ರೆಗಳ ಮಾತೂ ಬರುತ್ತದೆ. ಇದನ್ನು ಕೇಳಿದ ಮೇಲೆ ನಾನು ಚೀಲದಿಂದ ನಮ್ಮ ಪ್ರವೇಶ ಟಿಕೆಟನ್ನು ತೆಗೆದು ನೋಡಿದೆ. ಮೂರು ದಿನಕ್ಕೆ 62 ಡಾಲರ್, ಟಿಕೆಟಿನ ಮೇಲೆ ನಮ್ಮದೇ ಪೆಚ್ಚು ಮುಖ. ಅದರಲ್ಲಿ 2 ಡಾಲರ್ ಕಾಂತಾ ಬೋಫಾ ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತದೆ. ಸ್ವಿಟ್ಜರ್ಲೆಂಡಿನ ವೈದ್ಯ ಬೀಟ್ ರಿಕ್ನರ್ ಕಟ್ಟಿ ಬೆಳೆಸಿದ ಈ ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಚಿಕಿತ್ಸೆ ಉಚಿತ. ದುಡ್ಡು ಕೂಡಿಸಲು ಆತ ಶನಿವಾರ ಸಂಜೆ ಪ್ರವಾಸಿಗರ ಮುಂದೆ ಚೆಲ್ಲೊ ನುಡಿಸುತ್ತಿದ್ದ; 2018ರಲ್ಲಿ ತೀರಿಕೊಂಡ. ಸಿಯೆಮ್ ರೀಪ್‌ನ ಆಸ್ಪತ್ರೆಗೆ ಅವನು ಇಟ್ಟ ಹೆಸರು ಏಳನೆಯ ಜಯವರ್ಮನದು. ಇಡೀ ಪ್ರವಾಸದಲ್ಲಿ ನಾನು ಎರಡನೆಯ ಬಾರಿ ಪರಿಶೀಲಿಸದೆ ಒಪ್ಪಿದ ಖರ್ಚು ಆ ಎರಡು ಡಾಲರ್.

ಆ ರಾತ್ರಿ ಹೋಟೆಲಿನ ಕೊಳದ ಪಕ್ಕದಲ್ಲಿ ಊಟ, ಜೊತೆಗೆ ಅಪ್ಸರಾ ನೃತ್ಯ. ನಮಗಾಗಿ ಮೀನಿನ ಸಾರು ಹಾಕದ ಅಮೋಕ್ ಮಾಡಿಸಿದ್ದರು: ಬಾಳೆಲೆಯ ದೊನ್ನೆಯಲ್ಲಿ ತೆಂಗಿನಹಾಲು, ಅರಿಶಿನ, ಮಜ್ಜಿಗೆಹುಲ್ಲು ಅರೆದು ಹಬೆಯಲ್ಲಿ ಬೇಯಿಸಿದ್ದು. ಬಡಿಸುವ ಹುಡುಗ ಕಾಂಪೋಟ್‌ನ ಮೆಣಸನ್ನು ಮರದ ಗಿರಣಿಯಿಂದ ಪುಡಿಮಾಡಿ ಉದುರಿಸುತ್ತ ಅದರ ಹಿರಿಮೆಯನ್ನು ಹೇಳಿದ. 1975ರಿಂದ 1979ರವರೆಗೆ ದೇಶವನ್ನು ಆಳಿದ ಉಗ್ರ ಕಮ್ಯುನಿಸ್ಟರಾದ ಖ್ಮೇರ್ ರೂಜ್ ಕಾಲದಲ್ಲಿ ನಾಶವಾಗಿ ಹೋಗಿದ್ದ ಬಳ್ಳಿ ಮತ್ತೆ ಚಿಗುರಿ, 2010ರಲ್ಲಿ ಭೌಗೋಳಿಕ ಗುರುತು ಪಡೆದಿದೆ. ಅಕ್ಕ ಒಂದು ಕಾಳನ್ನು ಬೇಡಿ ಪಡೆದು, ಮುಂದಿನ ಹಲ್ಲಿನಲ್ಲಿ ಕಚ್ಚಿ, ಕಣ್ಣುಮುಚ್ಚಿ ಕುಳಿತಳು. ಮೆಣಸಿನ ಬಳ್ಳಿಯ ಕೆಳಗೆ ಹುಟ್ಟಿ ಬೆಳೆದವರ ತೀರ್ಪಿಗೆ ಕಾಯಬೇಕಾಗುತ್ತದೆ. "ಘಮ ಚೆನ್ನಾಗಿದೆ. ಖಾರದಲ್ಲಿ ನಮ್ಮದೇ ಒಂದು ಕೈ ಮೇಲು" ಎಂದಳು. ಹುಡುಗನಿಗೆ ಮೊದಲರ್ಧವನ್ನು ಮಾತ್ರ ಅನುವಾದಿಸಿದೆ.

ನೃತ್ಯ ಶುರುವಾದಾಗ ಅಕ್ಕ ಚಮಚ ಕೆಳಗಿಟ್ಟಳು. ಸುತ್ತಲಿನ ಮೇಜುಗಳಲ್ಲಿ ಫೋರ್ಕಿನ ಕಿಣಿಕಿಣಿ ನಡೆದೇ ಇತ್ತು. ಹುಡುಗಿಯರ ಬೆರಳು ಹಿಂದಕ್ಕೆ ಬಾಗಿ ಬಹುತೇಕ ಮಣಿಕಟ್ಟನ್ನೇ ಮುಟ್ಟುವಂತಿತ್ತು. ಒಂದು ಮುದ್ರೆ ಎಲೆ, ಇನ್ನೊಂದು ಹೂವು, ಮತ್ತೊಂದು ಕಾಯಿ. ಅಂಗ್ಕೋರ್‌ನ ಗೋಡೆಯಿಂದ ಇಳಿದು ಬಂದಂತೆ ಕಾಣುವ ಈ ನೃತ್ಯಕ್ಕೆ ನೂರು ವರ್ಷವೂ ಆಗಿಲ್ಲ. ರಾಣಿ ಸಿಸೊವಾಥ್ ಕೊಸಮಾಕ್ ಕಳೆದ ಶತಮಾನದ ನಡುವಿನಲ್ಲಿ ಶಿಲ್ಪಗಳನ್ನು ನೋಡಿ ಕಟ್ಟಿಸಿದ್ದು, ಮೊಮ್ಮಗಳು ಬೊಪ್ಪಾ ದೇವಿಗಾಗಿ. ಆ ಮೇಲೆ ಖ್ಮೇರ್ ರೂಜ್ ಬಂತು. ಅರಮನೆಯ ನರ್ತಕಿಯರಲ್ಲಿ ಬಹುಪಾಲು ಜನ ಸತ್ತರು. ಉಳಿದ ಬೆರಳೆಣಿಕೆಯವರು ನಿರಾಶ್ರಿತರ ಶಿಬಿರಗಳಲ್ಲಿ, ಪಾಳುಬಿದ್ದ ರಾಜಧಾನಿಯಲ್ಲಿ, ತಮ್ಮ ಮೈಗೆ ನೆನಪಿದ್ದಷ್ಟನ್ನು ಹುಡುಗಿಯರಿಗೆ ದಾಟಿಸಿದರು. ಪುಸ್ತಕವಿರಲಿಲ್ಲ. ಮೈಯೇ ಪುಸ್ತಕ.

"ಚೌಕಿ ನೋಡಬೇಕಲ್ಲ" ಎಂದಳು ಅಕ್ಕ. ಯಕ್ಷಗಾನದ ಊರಿನವರಿಗೆ ಆಟ ನೋಡಿದರೆ ಸಾಲದು, ವೇಷ ಕಟ್ಟುವ ಚೌಕಿಗೆ ಹಣಿಕಿಕ್ಕದೆ ನಿದ್ದೆ ಬಾರದು. ಗೈಡ್ ಯಾರನ್ನೋ ಒಪ್ಪಿಸಿದ. ಅಡುಗೆಮನೆಯ ಹಿಂದೆ, ಅಕ್ಕಿಮೂಟೆಗಳ ಪಕ್ಕದಲ್ಲಿ ಒಂದು ಟ್ಯೂಬ್‌ಲೈಟಿನ ಕೋಣೆ. ಅಲ್ಲಿ ವಯಸ್ಸಾದ ಹೆಂಗಸೊಬ್ಬಳು ಬಾಯಿಯಲ್ಲಿ ಸೂಜಿ ಕಚ್ಚಿಕೊಂಡು, ಒಬ್ಬ ಹುಡುಗಿಯ ಬೆನ್ನಿನ ಮೇಲೆ ಕತ್ತರಿ ಆಡಿಸುತ್ತಿದ್ದಳು. ಅಪ್ಸರೆಯ ರವಿಕೆಗೆ ಗುಂಡಿ ಇರುವುದಿಲ್ಲ. ಪ್ರತಿ ಸಲವೂ ಅದನ್ನು ಮೈಮೇಲೆಯೇ ಹೊಲಿಯುತ್ತಾರೆ, ಆಟ ಮುಗಿದ ಮೇಲೆ ದಾರ ಕತ್ತರಿಸಿ ಬಿಡಿಸುತ್ತಾರೆ. ಕುಣಿದದ್ದು ನಲವತ್ತು ನಿಮಿಷ, ಹೊಲಿದದ್ದು ಅದಕ್ಕಿಂತ ಹೆಚ್ಚು. ಕತ್ತರಿಸಿದ ಬಂಗಾರದ ಬಣ್ಣದ ದಾರದ ತುಣುಕುಗಳು ನೆಲದ ತುಂಬ ಬಿದ್ದಿದ್ದವು. ಹುಡುಗಿ ಒಂದು ಕೈಯಲ್ಲಿ ಮೊಬೈಲ್ ನೋಡುತ್ತ, ಇನ್ನೊಂದು ಕೈಯಲ್ಲಿ ಅನ್ನದ ಡಬ್ಬಿ ಹಿಡಿದಿದ್ದಳು. ಅಕ್ಕನಿಗೆ ಆಗ ಸಮಾಧಾನವಾಯಿತು: ಊಟ ಆಗುತ್ತಿದೆ.

ಇಲ್ಲಿಗೆ ಬರುವ ಮೊದಲು ನಾವು ಎರಡು ರಾತ್ರಿ ರಾಜಧಾನಿ ನಾಮ್ ಪೆನ್‌ನಲ್ಲಿದ್ದೆವು. ಪ್ರವಾಸದ ಸಂಸ್ಥೆ ಮೊದಲು ಕಳಿಸಿದ ಕಾರ್ಯಕ್ರಮದಲ್ಲಿ ಆ ಊರು ಇರಲಿಲ್ಲ. ಐಷಾರಾಮಿ ಪ್ರವಾಸದ ಕ್ಯಾಲೆಂಡರಿನಲ್ಲಿ 12ನೆಯ ಶತಮಾನದ ಮಾರನೆಯ ದಿನವೇ ಮಸಾಜ್. ನಡುವಿನದ್ದು ಹಿರಿಯರಿಗೆ ಮನಸ್ಸಿಗೆ ಭಾರವಾಗುತ್ತದೆ ಎಂದರಂತೆ. ಅಕ್ಕ ಮಗನಿಗೆ ಫೋನು ಮಾಡಿ, "ಮೂವತ್ತಾರು ವರ್ಷ ಇತಿಹಾಸ ಪಾಠ ಮಾಡಿದವಳಿಗೆ ಭಾರದ ಮಾತು ಹೇಳಬೇಡ" ಎಂದಳು.

ನಾಮ್ ಪೆನ್‌ನ ಟುವೋಲ್ ಸ್ಲೆಂಗ್ ಮೊದಲು ಹೈಸ್ಕೂಲಾಗಿತ್ತು. ಖ್ಮೇರ್ ರೂಜ್ ಅದನ್ನು ಎಸ್-21 ಎಂಬ ಸೆರೆಮನೆ ಮಾಡಿಕೊಂಡಿತು. ತರಗತಿಗಳ ಒಳಗೆ ಇಟ್ಟಿಗೆಯ ಗೂಡುಗಳು, ಮೈದಾನದಲ್ಲಿ ಮಕ್ಕಳ ಕಸರತ್ತಿನ ಕಂಬವೇ ಚಿತ್ರಹಿಂಸೆಯ ಕಂಬ. ಅಕ್ಕ ವರಾಂಡಾದಲ್ಲಿ ನಿಂತು ಕೋಣೆಯಿಂದ ಕೋಣೆಗೆ ನೋಡಿದಳು. ವರಾಂಡಾ, ಮೆಟ್ಟಿಲು, ಚೌಕುಳಿ ನೆಲ, ಮಕ್ಕಳು ಬಗ್ಗಿ ನೋಡುವ ಎತ್ತರದ ಕಟ್ಟೆ. ಯಾವ ಶಾಲೆಯೂ ಇದೇ ಅಳತೆಯದು. ಅವಳು ಮಾತಾಡಲಿಲ್ಲ, ನಾನು ಕೆಣಕಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. 1975ರ ಏಪ್ರಿಲ್ 17ರಂದು ನಾಮ್ ಪೆನ್‌ಗೆ ನುಗ್ಗಿದವರು ನಗರವನ್ನೇ ಖಾಲಿ ಮಾಡಿಸಿದರು, ಹಣವನ್ನೇ ರದ್ದುಮಾಡಿದರು. ರಾಷ್ಟ್ರೀಯ ಬ್ಯಾಂಕಿನ ಕಟ್ಟಡವನ್ನು ಸ್ಫೋಟಿಸಿದರು. 1980ರಲ್ಲಿ ರಿಯೆಲ್ ಮರಳುವವರೆಗೆ ಆ ದೇಶದಲ್ಲಿ ನೋಟೇ ಇರಲಿಲ್ಲ. ಹತ್ತಿರ ಹತ್ತಿರ 17 ಲಕ್ಷ ಜನ ಕೊಲೆ, ಹಸಿವು, ರೋಗಗಳಿಂದ ಸತ್ತರು. ಆದರೆ ಹಣದ ಲೆಕ್ಕ ಬೇಡವೆಂದವರು ಕೈದಿಗಳ ಲೆಕ್ಕವನ್ನು ಮಾತ್ರ ಅಚ್ಚುಕಟ್ಟಾಗಿ ಇಟ್ಟಿದ್ದರು: ಸಂಖ್ಯೆ, ಫೋಟೊ, ತಪ್ಪೊಪ್ಪಿಗೆ, ದಿನಾಂಕ. ಗೋಡೆಯ ತುಂಬ ಮುಖಗಳು. ಲೆಕ್ಕ ಇಡುವುದೇ ಒಂದು ಒಳ್ಳೆಯತನ ಎಂಬ ಭಾವನೆಯನ್ನು ನಾನು ವೃತ್ತಿಯ ಜೊತೆಗೇ ಹೊತ್ತುಕೊಂಡು ಬಂದವಳು. ಅಲ್ಲಿ ಅದು ಜಾರಿತು. ಇನ್ನೊಂದು ವಿಚಿತ್ರ: ಅವರ ಕೆಂಪು ಧ್ವಜದ ಮೇಲೂ ಅಂಗ್ಕೋರ್ ವಾಟ್‌ನ ಗೋಪುರಗಳಿದ್ದವು. ನಾವು ಮರಳಿ ಬಂದ ಮೇಲೆ, ಆ ವರ್ಷದ ಜುಲೈಯಲ್ಲಿ, ಟುವೋಲ್ ಸ್ಲೆಂಗ್ ಯುನೆಸ್ಕೊ ಪಟ್ಟಿಗೆ ಸೇರಿತು. ಅಂಗ್ಕೋರ್ 1992ರಲ್ಲಿಯೇ ಸೇರಿತ್ತು.

ಮೂರನೆಯ ದಿನ ಬಾಂತೇ ಸ್ರೈ ಕಡೆಗೆ ಹೊರಟೆವು. ಆ ಗುಲಾಬಿ ಕಲ್ಲಿನ ಪುಟ್ಟ ದೇವಾಲಯ 967ರದು, ಕಟ್ಟಿಸಿದ್ದು ರಾಜನಲ್ಲ, ಯಜ್ಞವರಾಹ ಎಂಬ ಆಸ್ಥಾನದ ವಿದ್ವಾಂಸ. ಅದರ ಸೊಬಗನ್ನು ಬರೆದವರು ಬೇಕಾದಷ್ಟಿದ್ದಾರೆ, ನಾನು ದಾರಿಯ ಶ್ಯಾವಿಗೆಗೆ ಬರುತ್ತೇನೆ.

ಪ್ರೇಹ್ ಡಾಕ್ ಎಂಬ ಹಳ್ಳಿಯಲ್ಲಿ ರಸ್ತೆಯುದ್ದಕ್ಕೂ ತಾಳೆಬೆಲ್ಲ ಕಾಯಿಸುವ ಬಾಣಲೆಗಳು, ಬೆತ್ತದ ಬುಟ್ಟಿಗಳು, ನಮ್ ಬಾನ್ಹ್ ಚೋಕ್ ಎಂಬ ಅಕ್ಕಿ ಶ್ಯಾವಿಗೆಯ ಅಂಗಡಿಗಳು. ಅಕ್ಕ ಕಾರು ನಿಲ್ಲಿಸಿ ಎಂದಳು. ಮಾಡಿನ ಕೆಳಗೆ ಒಬ್ಬಳು ಹೆಂಗಸು, ತೂತುಗಳಿರುವ ಡಬ್ಬಿಗೆ ಅಕ್ಕಿಹಿಟ್ಟಿನ ಮುದ್ದೆ ತುಂಬಿ, ಮೇಲೆ ಹಾಯಿಸಿದ ಉದ್ದನೆಯ ಮರದ ಸನ್ನೆಗೋಲಿನ ತುದಿಯಲ್ಲಿ ತನ್ನ ಮೈಭಾರವನ್ನೆಲ್ಲ ಹಾಕಿ ಕುಳಿತಳು. ಬಿಳಿಯ ಎಳೆಗಳು ಕುದಿಯುವ ನೀರಿಗೆ ಇಳಿದವು. ಇನ್ನೊಬ್ಬಳು ಅವನ್ನು ಬುಟ್ಟಿಯಲ್ಲಿ ಎತ್ತಿ, ತಣ್ಣೀರಿನಲ್ಲಿ ತೊಳೆದು, ಬೆರಳಿಗೆ ಸುತ್ತಿ ಸುತ್ತಿ ಬಾಳೆಲೆಯ ಮೇಲೆ ಸಿಂಬೆ ಇಟ್ಟಳು. ನಮ್ಮ ಮನೆಯ ಶ್ಯಾವಿಗೆ ಒರಳಿನ ಹಿಡಿಕೆಯ ಮೇಲೆ ಇಬ್ಬರು ಮಕ್ಕಳು ಜೋತುಬಿದ್ದು ಒತ್ತುತ್ತಿದ್ದೆವು. ಆ ಇಬ್ಬರೂ ಈಗ ಇಲ್ಲಿ ನಿಂತಿದ್ದೆವು.

ಮೇಲೆ ಹಾಕುವ ಸಾರು ಮೀನಿನದು. ಅಕ್ಕ ಅದು ಬೇಡವೆಂದು ಕೈಯಾಡಿಸಿ, ಪಕ್ಕದ ಅಂಗಡಿಯಿಂದ ತಾಳೆಯೋಲೆಯಲ್ಲಿ ಸುತ್ತಿದ ಬೆಲ್ಲ ತಂದು, ತೆಂಗಿನಹಾಲು ಕೇಳಿ ಪಡೆದು, ಅಲ್ಲೇ ಬೋಗುಣಿಯಲ್ಲಿ ಕದಡಿ ಶ್ಯಾವಿಗೆಯ ಮೇಲೆ ಹೊಯ್ದಳು. ಕಾಯಿಹಾಲು ಶ್ಯಾವಿಗೆ. ಇಬ್ಬರು ಹೆಂಗಸರೂ ಅನುಮಾನದಿಂದ ರುಚಿ ನೋಡಿದರು. ಒಬ್ಬಳು ಇನ್ನಷ್ಟು ಹಾಕಿಸಿಕೊಂಡಳು, ಇನ್ನೊಬ್ಬಳು ಮೀನೇ ಮೇಲು ಎಂದಳು.

ಗೈಡ್ ತಿನ್ನದೆ ಸನ್ನೆಗೋಲನ್ನೇ ನೋಡುತ್ತಿದ್ದ. ಅವನಿಗೆ ಎಂಟು ವರ್ಷವಿದ್ದಾಗ ತಾಯಿಯಿಂದ ಬೇರ್ಪಡಿಸಿ ಮಕ್ಕಳ ತಂಡಕ್ಕೆ ಹಾಕಿದ್ದರಂತೆ. ಮನೆಯಲ್ಲಿ ಅಡುಗೆ ಮಾಡುವಂತಿರಲಿಲ್ಲ, ಪಾತ್ರೆ ಇಟ್ಟುಕೊಳ್ಳುವಂತಿರಲಿಲ್ಲ, ಎಲ್ಲರಿಗೂ ಸಾಮೂಹಿಕ ಗಂಜಿ, ಅದರಲ್ಲಿ ಅಕ್ಕಿಯನ್ನು ಎಣಿಸಬಹುದಾಗಿತ್ತು. ಅವನ ಅಜ್ಜಿ ಶ್ಯಾವಿಗೆಯ ಡಬ್ಬಿಯನ್ನು ಭತ್ತದ ಗದ್ದೆಯ ಬದುವಿನಲ್ಲಿ ಹೂತಿಟ್ಟಿದ್ದಳು. 1979ರಲ್ಲಿ ಅಗೆದು ತೆಗೆದಾಗ ತಾಮ್ರ ಹಸಿರಾಗಿತ್ತು. ಅಜ್ಜಿ ಇರಲಿಲ್ಲ. "ಅದನ್ನು ತೊಳೆದು ಮೊದಲ ಸಲ ಒತ್ತಿದ ದಿನ ನಾನು ಎಷ್ಟು ತಿಂದೆನೆಂದರೆ, ಬೊಂಗ್, ಎರಡು ದಿನ ಏಳಲಾಗಲಿಲ್ಲ" ಎಂದು ನಕ್ಕ. ಹೇಳಿದ್ದು ಇಷ್ಟೇ. ಇದು ಹೋಟೆಲಿನ ಕಾರ್ಯಕ್ರಮದಲ್ಲಿ ಇಲ್ಲದ ಭಾಗವಾದ್ದರಿಂದ ಅವನು ಗಡಿಯಾರ ನೋಡಿಕೊಂಡ.

ಮುಂದೆ ಕ್ಬಾಲ್ ಸ್ಪಿಯನ್ ಎಂಬ ಗುಡ್ಡದ ಹೊಳೆಗೆ ಒಂದೂವರೆ ಕಿಲೋಮೀಟರ್ ಕಾಡಿನ ಏರು. ಅಕ್ಕನ ಮಂಡಿ ಗೊಣಗುತ್ತಿತ್ತು. ಹಿಂದೆ ಹೋಟೆಲಿನ ಇಬ್ಬರು ಹುಡುಗರು ಮಡಿಸುವ ಮೇಜು, ಬಿಳಿಯ ಬಟ್ಟೆ, ಐಸ್ ಪೆಟ್ಟಿಗೆ ಹೊತ್ತು ಬರುತ್ತಿದ್ದರು. ಹಿಂತಿರುಗಿ ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು, ಬಾಯಾರಿಕೆಯಾದಾಗ ನಾಚಿಕೆ ಮರೆಯುತ್ತಿತ್ತು. ಕಾಲುದಾರಿ ಬಿಟ್ಟು ಇಳಿಯಬೇಡಿ ಎಂದ ಗೈಡ್. ಯುದ್ಧದ ವರ್ಷಗಳಲ್ಲಿ ಈ ಗುಡ್ಡಗಳಿಗೆಲ್ಲ ನೆಲಬಾಂಬ್ ಬಿತ್ತಿದ್ದರು. ಅವುಗಳನ್ನು ಮೂಸಿ ಹಿಡಿಯಲು ಆಫ್ರಿಕದ ದೊಡ್ಡ ಇಲಿಗಳನ್ನು ಪಳಗಿಸಿದ್ದಾರೆ. ಮಗಾವಾ ಎಂಬ ಇಲಿ ತನ್ನ ಸೇವೆಯಲ್ಲಿ ಒಟ್ಟು ನೂರಕ್ಕೂ ಹೆಚ್ಚು ಸ್ಫೋಟಕಗಳನ್ನು ಪತ್ತೆಮಾಡಿತ್ತು, 2020ರಲ್ಲಿ ಬ್ರಿಟನ್ನಿನ ಪ್ರಾಣಿಸೇವಾ ಸಂಸ್ಥೆಯ ಚಿನ್ನದ ಪದಕ ಪಡೆದಿತ್ತು. "ಗಣಪತಿ ಸುಮ್ಮನೆ ಆರಿಸಿಕೊಂಡಿಲ್ಲ" ಎಂದಳು ಅಕ್ಕ, ಏದುಸಿರಿನ ನಡುವೆ.

ಮೇಲೆ ಹೊಳೆ. ಹೊಳೆಯ ಹಾಸುಗಲ್ಲಿನ ಮೇಲೆ ಲಿಂಗಗಳು, ನೂರಾರು, ಒತ್ತೊತ್ತಾಗಿ. ಮೇಲೆ ತೆಳ್ಳನೆಯ ನೀರು ಜಾರುತ್ತಿತ್ತು. ಒಂದೆಡೆ ಅನಂತಶಯನ, ಅವನ ಮೈಮೇಲೂ ನೀರು. 11ನೆಯ ಶತಮಾನದ ಕೆತ್ತನೆ. ಹೊರಜಗತ್ತಿನ ವಿದ್ವಾಂಸರಿಗೆ ತಿಳಿದದ್ದು 1969ರಲ್ಲಿ. ಈ ನೀರು ಲಿಂಗಗಳನ್ನು ತೊಯ್ಸಿ, ಕೆಳಗಿಳಿದು, ಅಂಗ್ಕೋರ್‌ನ ಬಯಲಿನ ಗದ್ದೆಗಳಿಗೆ ಹೋಗುತ್ತದೆ.

ಶಿರಸಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶಾಲ್ಮಲೆಯ ಸಹಸ್ರಲಿಂಗದಲ್ಲಿ ಶಿವರಾತ್ರಿಗೆ ಕಾಲು ಜಾರಿ ಬಿದ್ದು ಪೆಟ್ಟು ಮಾಡಿಕೊಂಡವರು ನಾವು. ನಮ್ಮದು ಸೋದೆ ಅರಸರ ಕಾಲದ್ದು, ಇದು ಅದಕ್ಕಿಂತ ಆರು ನೂರು ವರ್ಷ ಹಳೆಯದು. ಯಾರು ಯಾರಿಂದ ಕಲಿತರು ಎಂಬ ಪ್ರಶ್ನೆಯನ್ನು ಅಕ್ಕ ಎತ್ತಲೇ ಇಲ್ಲ. ಚಪ್ಪಲಿ ಬಿಟ್ಟು ದಂಡೆಯ ಬೇರಿನ ಮೇಲೆ ಕುಳಿತು, ಕೈಯನ್ನು ನೀರಿಗೆ ಇಳಿಬಿಟ್ಟಳು. ಹಿಂದೆ ಹುಡುಗರು ಬಿಳಿಯ ಬಟ್ಟೆ ಹಾಸಿ, ಗಾಜಿನ ಲೋಟಗಳನ್ನು ಜೋಡಿಸುತ್ತಿದ್ದರು. ಅಕ್ಕ ಅವರನ್ನು ಕರೆದು ತನ್ನ ಡಬ್ಬಿಯ ಅವಲಕ್ಕಿ ಕೊಟ್ಟಳು. ಅವರು ನಿಂತೇ ತಿಂದರು. ಕುರ್ಚಿಯಲ್ಲಿ ಕುಳಿತುಕೊಳ್ಳಿ ಎಂದರೆ ಕೂರಲಿಲ್ಲ. ಕೊನೆಗೆ ಕುರ್ಚಿಗಳಲ್ಲಿ ಯಾರೂ ಕೂರಲಿಲ್ಲ, ಹೊತ್ತು ತಂದದ್ದನ್ನು ಹಾಗೆಯೇ ಹೊತ್ತು ಇಳಿಸಿದರು. ಇದರಲ್ಲಿ ಯಾರ ಘನತೆ ಹೆಚ್ಚಿತೋ ನನಗೆ ಈಗಲೂ ಸ್ಪಷ್ಟವಿಲ್ಲ.

ಅದೇ ಸಂಜೆ ಕೋಣೆಯ ಬಾಗಿಲು ತಟ್ಟಿದ ಸದ್ದು. ಕೋಣೆ ಶುಚಿಮಾಡುವ ಹೆಂಗಸು, ನಲವತ್ತರವಳು, ಜೊತೆಗೆ ಮಾತು ತಿಳಿಸಲು ನಮ್ಮ ಗೈಡ್. ಆಕೆ ಎದೆಯ ಮುಂದೆ ಕೈಜೋಡಿಸಿ ನೆಲ ನೋಡುತ್ತ ಏನೋ ಹೇಳಿದಳು. ಗೈಡ್ ಸಂಕೋಚದಿಂದ ಅನುವಾದಿಸಿದ. ಮೂರು ದಿನದಿಂದ ಈ ಕೋಣೆಗೆ ಬಂದರೆ ಹಾಸಿಗೆ ಆಗಲೇ ಸರಿಯಾಗಿರುತ್ತದೆ. ಅಷ್ಟು ಒಪ್ಪವಾಗಿರುವುದನ್ನು ಕೆದರಲು ಮನಸ್ಸಾಗದೆ ಆಕೆ ಹಾಗೆಯೇ ಬಿಟ್ಟಿದ್ದಾಳೆ. ಮೇಲ್ವಿಚಾರಕರು ನೋಡಿದರೆ ಮಡಿಕೆ ಹೋಟೆಲಿನ ಪದ್ಧತಿಯದಲ್ಲ, ದಿಂಬುಗಳ ಕ್ರಮವೂ ಅಲ್ಲ. ಈ ಕೋಣೆಯ ಕೆಲಸ ತಪ್ಪಿಸುತ್ತಿದ್ದೀಯಾ ಎಂದು ಕೇಳಿದ್ದಾರೆ. ಅತಿಥಿಗಳಿಗೆ ತನ್ನ ಕೆಲಸ ಹಿಡಿಸಲಿಲ್ಲವೇ? ಏನಾದರೂ ತಪ್ಪಾಗಿದ್ದರೆ ಕ್ಷಮಿಸಬೇಕು.

ಅಕ್ಕನ ಮುಖ ನೋಡಲಾಗಲಿಲ್ಲ. "ಅಯ್ಯೋ, ನಾನು..." ಎಂದವಳು ಮುಂದೆ ಮಾತು ಸಿಗದೆ ಆಕೆಯ ಎರಡೂ ಕೈ ಹಿಡಿದುಕೊಂಡಳು. ನಾನು ಮೇಲ್ವಿಚಾರಕರ ಹತ್ತಿರ ಹೋಗಿ ತಪ್ಪು ನಮ್ಮದೆಂದು ವಿವರಿಸಿ ಬಂದೆ. ಅವರು ಮುಗುಳ್ನಕ್ಕು, ಏನೂ ಆಗಿಲ್ಲ ಎಂದರು. ಏನೂ ಆಗಿಲ್ಲ ಎನ್ನುವುದೇ ಅವರ ಕೆಲಸ.

ಕೊನೆಯ ದಿನ ಏಳಕ್ಕೆ ಕಾರು. ವಿಮಾನ ನಿಲ್ದಾಣ 2023ರಲ್ಲಿ ಊರಿನಿಂದ ಬಲು ದೂರಕ್ಕೆ ಹೋಗಿದೆ, ಬೇಗ ಹೊರಡಬೇಕು. ಬಿಲ್ಲು ನೋಡಿ, ಹರಿದಿಲ್ಲದ ನೋಟುಗಳನ್ನು ಆರಿಸಿ ಲಕೋಟೆಗೆ ಹಾಕಿಟ್ಟೆ. ಅಂಚು ಒಂದಿಷ್ಟು ಸೀಳಿದ್ದರೂ ಡಾಲರನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಅಕ್ಕ ಬಾಗಿಲವರೆಗೆ ಬಂದವಳು ಹಿಂತಿರುಗಿ ನೋಡಿದಳು. ಅಭ್ಯಾಸಬಲ, ಎದ್ದ ಕೂಡಲೇ ಹೊದಿಕೆ ಮಡಚಿ, ದಿಂಬು ಸಾಲು ಮಾಡಿಬಿಟ್ಟಿದ್ದಳು.

ಚೀಲ ಕೆಳಗಿಟ್ಟು ಒಳಗೆ ಹೋದಳು. ಹೊದಿಕೆಯನ್ನು ಬಿಚ್ಚಿ ಎಳೆದು ಅರ್ಧ ನೆಲಕ್ಕೆ ಇಳಿಬಿಟ್ಟಳು. ಹಾಸಿದ ಬಟ್ಟೆಯ ಒಂದು ಮೂಲೆಯನ್ನು ಕಿತ್ತಳು. ದಿಂಬುಗಳನ್ನು ಒಂದೊಂದಾಗಿ ಎತ್ತಿ ಅಲ್ಲಿ ಇಲ್ಲಿ ಹಾಕಿದಳು. ಎಂಟನೆಯದು ಜಾರಿ ಕೆಳಗೆ ಬಿತ್ತು. ಎತ್ತಿಡಲೆಂದು ಬಗ್ಗಿದವಳು, ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಸೆರಗು ಸರಿಪಡಿಸಿಕೊಂಡು ಹೊರಗೆ ಬಂದಳು.